ಗ್ರಂಥಾಲಯದ ಡೇಟಾಬೇಸ್‌ನಲ್ಲಿ ನನ್ನ ವಿಷಯದ ಸಂಶೋಧನಾ ಲೇಖನಗಳು ಏಕೆ ಸಿಗುತ್ತಿಲ್ಲ?

ಹೆಚ್ಚಿನ ಸಲ ಲೇಖನಗಳು ಅಲ್ಲೇ ಇರುತ್ತವೆ. ನೀವು ಹುಡುಕುವ ಪದ ಬೇರೆ, ಅವುಗಳಿಗೆ ಕೊಟ್ಟಿರುವ ವಿಷಯ ಶೀರ್ಷಿಕೆ ಬೇರೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದ ಲೇಖನಗಳನ್ನು ಒಂದೇ ಶೀರ್ಷಿಕೆಯಡಿ ಸೇರಿಸುವುದು ಇಂಥ ಅನೇಕ ಡೇಟಾಬೇಸ್‌ಗಳ ಪದ್ಧತಿ. ವೈದ್ಯಕೀಯ ಡೇಟಾಬೇಸ್ ಪಬ್‌ಮೆಡ್‌ನಲ್ಲಿ ಹೃದಯಾಘಾತದ ಶೀರ್ಷಿಕೆ ‘ಹಾರ್ಟ್ ಅಟ್ಯಾಕ್’ ಅಲ್ಲ, ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’. ಪಬ್‌ಮೆಡ್ ಎರಡನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಎಲ್ಲ ಡೇಟಾಬೇಸ್‌ಗಳೂ ಅಷ್ಟು ಉದಾರಿಗಳಲ್ಲ.

ಆದ್ದರಿಂದ ಹೇಗಾದರೂ ಮಾಡಿ ಒಂದು ಒಳ್ಳೆಯ ಲೇಖನ ಹಿಡಿಯಿರಿ. ಅದರ ವಿವರಗಳ ಪುಟದಲ್ಲಿ ‘ಸಬ್ಜೆಕ್ಟ್ಸ್’ ಎಂಬಲ್ಲಿರುವ ಶೀರ್ಷಿಕೆಯನ್ನು ಒತ್ತಿದರೆ ಅದರ ಬಳಗವೆಲ್ಲ ಎದುರಿಗೆ ಬರುತ್ತದೆ. ಪೂರ್ಣಪಾಠ ಇಲ್ಲದಿದ್ದರೆ ಹಣ ಕಟ್ಟಲು ಹೋಗಬೇಡಿ; ಗ್ರಂಥಪಾಲಕರನ್ನು ಕೇಳಿ, ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ.