ವಾಚ್‌ನಲ್ಲಿ ಎಚ್‌ಆರ್‌ವಿ 28 ಅಂದರೆ ಹಾರ್ಟ್ ವೀಕ್ ಅಂತಲೇ?

ನಿಮಗೆ 41 ವರ್ಷ, ಎಚ್‌ಆರ್‌ವಿ (ಹೃದಯದ ಬಡಿತಗಳ ನಡುವಿನ ಅಂತರ ಎಷ್ಟು ಏರುಪೇರಾಗುತ್ತದೆ ಅನ್ನೋ ಅಳತೆ) 28. ಅದೇ ವಯಸ್ಸಿನ ಗೆಳೆಯರಿಗೆ 60. ಏರಿಸೋದು ಹೇಗೆ ಅಂತ ಕೇಳಿದ್ದೀರಿ. ಏರಿಸಲೇಬೇಕು ಅನ್ನೋ ಹಟಕ್ಕೆ ನಾನೂ ಬಿದ್ದಿದ್ದೆ. 34 ಇದ್ದದ್ದು 53 ಆದಾಗ ಪ್ರಾಣಾಯಾಮದ ಫಲ ಅಂದುಕೊಂಡೆ. ಇಸಿಜಿ ಮಾಡಿಸಿದಾಗ ಕಂಡದ್ದು ಎಕ್ಟೋಪಿಕ್ ಬೀಟ್, ಅಂದರೆ ನಡುನಡುವೆ ಹೊತ್ತಿಗೆ ಮುಂಚೆ ಬರುವ ಬಡಿತ.

ಎಚ್‌ಆರ್‌ವಿ ಅಳೆಯುವ ಒಂದು ಬಗೆ ಆರ್‌ಎಂಎಸ್‌ಎಸ್‌ಡಿ. ಅದರ ಲೆಕ್ಕ ನೋಡಿ. ಬಡಿತಗಳ ನಡುವಿನ ಅಂತರ 850, 880, 840, 870 ಮಿಲಿಸೆಕೆಂಡ್ ಅನ್ನಿ. ಅಕ್ಕಪಕ್ಕದ ವ್ಯತ್ಯಾಸ 30, 40, 30. ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಿಡಿದರೆ 34. ಈಗ 880ರ ನಂತರದ ಬಡಿತ 550ಕ್ಕೇ ಬಂತು, ಆಮೇಲೆ ಹೃದಯ ತಡೆದು 1180, ಮತ್ತೆ 870. ವ್ಯತ್ಯಾಸ 330, 630, 310. ಇವನ್ನು ವರ್ಗ ಮಾಡುವುದರಿಂದ, 5 ನಿಮಿಷದ 350 ಬಡಿತದಲ್ಲಿ ಇಂಥದ್ದು ಒಂದೇ ಇದ್ದರೂ 34 ಹೋಗಿ 53 ಆಗುತ್ತದೆ! ಆಗೀಗ ಬರುವ ಎಕ್ಟೋಪಿಕ್ ಸಾಮಾನ್ಯವಾಗಿ ಅಪಾಯವಲ್ಲ. ಅದನ್ನು ಆರೋಗ್ಯ ಅಂತ ಓದಿಕೊಂಡದ್ದು ನನ್ನ ತಪ್ಪು. ಆ ಖುಷಿಯಲ್ಲಿ ಬಿಪಿಯನ್ನೇ ನೋಡಿಸಿರಲಿಲ್ಲ. ಅವತ್ತು ಅದು 152/96.

ಗೆಳೆಯರ ಜೊತೆ ಹೋಲಿಕೆ ಬಿಟ್ಟುಬಿಡಿ. ಆಪಲ್ ವಾಚ್ ಕೊಡೋದು ಎಸ್‌ಡಿಎನ್‌ಎನ್ (ಅಂತರಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಲೆಕ್ಕ), ಫಿಟ್‌ಬಿಟ್ ಮತ್ತು ಔರಾ ಕೊಡೋದು ಆರ್‌ಎಂಎಸ್‌ಎಸ್‌ಡಿ. ಎರಡೂ ಮಿಲಿಸೆಕೆಂಡೇ, ಲೆಕ್ಕ ಬೇರೆ.

ಅಳೆಯಲೇಬೇಕಾದರೆ ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ. ಒಳಬದಿ ಒದ್ದೆ ಮಾಡದಿದ್ದರೆ ಸಿಗ್ನಲ್ ಕಡಿದು, ಬಿಟ್ಟುಹೋದ ಬಡಿತವೂ ಸಂಖ್ಯೆಯನ್ನು ಉಬ್ಬಿಸುತ್ತದೆ. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದು, ಕಾಫಿಗೆ ಮುಂಚೆ, ದಿನಾ ಒಂದೇ ಭಂಗಿಯಲ್ಲಿ 5 ನಿಮಿಷ. ಉಸಿರು ತನ್ನ ಪಾಡಿಗೆ ಆಡಲಿ. ನಿಮಿಷಕ್ಕೆ 6ರಂತೆ ಎಳೆದು ಬಿಟ್ಟರೆ ಆ ಹೊತ್ತಿಗೆ ಏರುತ್ತದೆ, ಯಾಕಂದರೆ ಉಸಿರು ತೆಗೆದುಕೊಂಡಾಗ ಬಡಿತ ಚುರುಕು, ಬಿಟ್ಟಾಗ ನಿಧಾನ. ಒಂದು ದಿನದ ಸಂಖ್ಯೆಗೆ ಬೆಲೆ ಇಲ್ಲ, 7 ದಿನದ ಸರಾಸರಿ ನೋಡಿ. ಹಿಂದಿನ ರಾತ್ರಿ ಕುಡಿದಿದ್ದರೆ, ನಿದ್ದೆಗೆಟ್ಟಿದ್ದರೆ, ಜ್ವರ ಬರುವಂತಿದ್ದರೆ ಇಳಿಯುವುದು ಸಹಜ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 1996ರ ವರದಿಯಲ್ಲಿ ಎಚ್‌ಆರ್‌ವಿ ಕಡಿಮೆ ಇದ್ದವರಿಗೆ ಹೃದಯದ ತೊಂದರೆ ಹೆಚ್ಚು ಕಂಡಿದ್ದು ನಿಜ. ಆದರೆ ಅಲ್ಲಿ ನೋಡಿದ್ದು 2 ಗಂಟೆಯ ಇಸಿಜಿ ದಾಖಲೆ, ಕೈಗಡಿಯಾರವಲ್ಲ. ಜನಸಮೂಹದಲ್ಲಿ ಕಂಡ ನಂಟಿನಿಂದ ನಿಮ್ಮೊಬ್ಬರ ರಕ್ತನಾಳದಲ್ಲಿ ಬ್ಲಾಕ್ ಇದೆಯೋ ಇಲ್ಲವೋ ತಿಳಿಯದು.

ಮೊದಲು ಬಿಪಿ, ಶುಗರ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಪರೀಕ್ಷೆ ಮಾಡಿಸಿ. ಎಚ್‌ಆರ್‌ವಿ ಇದ್ದಕ್ಕಿದ್ದಂತೆ ಏರಿ, ಎದೆಯಲ್ಲಿ ಬಡಿತ ತಪ್ಪಿದಂತೆ ಅನಿಸಿದರೆ ಇಸಿಜಿ ಮಾಡಿಸಿ. ಎದೆನೋವೋ ಕಣ್ಣುಕತ್ತಲೆಯೋ ಬಂದರೆ ವಾಚ್ ನೋಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.