ಅಮೆರಿಕದಲ್ಲಿ ಕಷ್ಟಕಾಲಕ್ಕೆ ಅಂತ ಮನೆಯಲ್ಲಿ ಗನ್ನಿನ ತೋಟಾ ಎಷ್ಟು ಇಟ್ಟುಕೊಳ್ಳಬೇಕು, ಹೇಗೆ ಇಡಬೇಕು?

ನೀವು ಬರೆದದ್ದನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಎಚ್‌1ಬಿ ವೀಸಾದಲ್ಲಿದ್ದೀರಿ, ಹ್ಯೂಸ್ಟನ್ ಹತ್ತಿರ ಹೊಸದಾಗಿ ಮನೆ ತಗೊಂಡಿದ್ದೀರಿ. ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ಡಬ್ಬಗಟ್ಟಲೆ ತೋಟಾ ನೋಡಿದ್ದೀರಿ. ಚಂಡಮಾರುತ ಬಂದು ವಾರಗಟ್ಟಲೆ ಕರೆಂಟ್ ಹೋದರೆ ಬೇಕಾಗುತ್ತೆ, ನೀವೂ ಸಾವಿರ ಸುತ್ತು (ಒಂದು ಸುತ್ತು ಅಂದರೆ ಒಂದು ತೋಟಾ) ತುಂಬಿಸಿಡಿ, ಸದ್ಯಕ್ಕೆ ನಾನೇ ಒಂದು ಡಬ್ಬ ಕೊಡ್ತೀನಿ ಅಂದಿದ್ದಾರೆ. ಎಷ್ಟು ಇಡಬೇಕು, ಎಲ್ಲಿಡಬೇಕು ಅನ್ನೋದು ನಿಮ್ಮ ಪ್ರಶ್ನೆ.

ನಾನೂ ಟೆಕ್ಸಾಸ್‌ನವನೇ ಅನ್ನಿ, ಬಹಳ ವರ್ಷದಿಂದ ಇಲ್ಲಿದ್ದೇನೆ. ಸಿಟಿಜನ್ ಆದ ಮೇಲೆ ಗನ್ ತಗೊಂಡೆ. ಬಿಡುವಾದಾಗ ಗುರಿ ಅಭ್ಯಾಸದ ರೇಂಜಿಗೆ ಹೋಗುತ್ತೇನೆ, ಚಳಿಗಾಲದಲ್ಲಿ ಗೆಳೆಯರ ಜಮೀನಿನಲ್ಲಿ ಕಾಡುಹಂದಿ ಬೇಟೆಗೂ ಹೋಗುವುದುಂಟು. ಆ ಅನುಭವದಿಂದ ಹೇಳುತ್ತೇನೆ: ಎಷ್ಟು ಅನ್ನುವುದಕ್ಕಿಂತ ಮೊದಲು ಬೇರೆ ಒಂದು ಮಾತು ಇದೆ.

ಆ ಡಬ್ಬವನ್ನು ಮನೆಯೊಳಗೆ ತರಬೇಡಿ.

ಇಲ್ಲಿನ ಫೆಡರಲ್ ಕಾನೂನಿನ ಸೆಕ್ಷನ್ 922 ನಾನ್‌ಇಮಿಗ್ರೆಂಟ್ (ತಾತ್ಕಾಲಿಕ) ವೀಸಾದಲ್ಲಿ ಬಂದವರಿಗೆ ಗನ್ ಇಟ್ಟುಕೊಳ್ಳಬಾರದು ಅನ್ನುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದರೆ, ಅದೇ ಸಾಲಿನಲ್ಲಿ ತೋಟಾ ಕೂಡ ಇದೆ. ಗನ್ ಇಲ್ಲ, ಬರೀ ತೋಟಾ ತಾನೇ ಅನ್ನುವ ಹಾಗಿಲ್ಲ. ಎಚ್‌1ಬಿ, ಎಚ್‌4, ಎಲ್‌1, ಎಫ್‌1 ಹೀಗೆ ಕೆಲಸ, ಕುಟುಂಬ, ಓದಿನ ವೀಸಾದಲ್ಲಿರುವ ಎಲ್ಲರಿಗೂ ಇದು ಅನ್ವಯ. 2022ರ ತಿದ್ದುಪಡಿ ಆದ ಮೇಲೆ ಶಿಕ್ಷೆ 15 ವರ್ಷದವರೆಗೂ ಆಗಬಹುದು. ಜೊತೆಗೆ ಗನ್ ಕಾನೂನು ಮುರಿದ ಕೇಸಿನಲ್ಲಿ ಶಿಕ್ಷೆಯಾದರೆ ದೇಶದಿಂದ ಹೊರಹಾಕಲು ಅದೇ ಒಂದು ಕಾರಣ ಆಗುತ್ತದೆ. ನಿಮ್ಮ ವೀಸಾ ಗೊತ್ತಿದ್ದೂ ಕೊಟ್ಟರೆ ಪಕ್ಕದ ಮನೆಯವರದ್ದೂ ತಪ್ಪೇ. ಪಾಪ, ಅವರು ಒಳ್ಳೆ ಮನಸ್ಸಿನಿಂದಲೇ ಹೇಳಿರುತ್ತಾರೆ. ಅವರಿಗೂ ಇದು ಗೊತ್ತಿರಲಿಕ್ಕಿಲ್ಲ. ನೇರವಾಗಿ ಹೇಳಿಬಿಡಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮವರಿಗೆ ಉಪಯೋಗಕ್ಕೆ ಬರುವುದು ಹಂಟಿಂಗ್ ಲೈಸೆನ್ಸ್. ಯಾವುದಾದರೂ ರಾಜ್ಯ ಕೊಟ್ಟ, ಇನ್ನೂ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ಆ ತಡೆ ಇರುವುದಿಲ್ಲ. ಆದರೆ ಸ್ನೇಹಿತರು ಹೇಳಿದರು ಅಂತ ಆನ್‌ಲೈನಲ್ಲಿ ಒಂದು ಲೈಸೆನ್ಸ್ ತೆಗೆದು ಅಂಗಡಿಗೆ ಹೋಗಬೇಡಿ. ಅದರ ಅವಧಿ ಮುಗಿದ ದಿನ ಮನೆಯಲ್ಲಿರುವ ತೋಟಾದ ಗತಿ ಏನು, ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿರುವಾಗ ಇದೆಲ್ಲ ಬೇಕಾ, ಇವನ್ನು ಇಮಿಗ್ರೇಷನ್ ಲಾಯರ್ ಹತ್ತಿರ ಕೂತು ಕೇಳಿಕೊಳ್ಳಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಮುಂದೆ ಬರೆಯುವುದೆಲ್ಲ ಕಾನೂನು ಪ್ರಕಾರ ಇಟ್ಟುಕೊಳ್ಳಬಲ್ಲವರಿಗೆ, ಮತ್ತು ಮುಂದೊಂದು ದಿನ ನಿಮಗೆ.

ಈಗ ಎಷ್ಟು ಅನ್ನುವ ವಿಷಯ. ಇಲ್ಲಿನ ಜನ ಯಾಕೆ ಅಷ್ಟೊಂದು ಕೂಡಿಡುತ್ತಾರೆ ಅಂತ ಮೊದಲು ತಿಳಿಯಬೇಕು. ಅದು ಬರೀ ಚಂಡಮಾರುತದ ಭಯ ಅಲ್ಲ. 2012ರ ಡಿಸೆಂಬರಿನಲ್ಲಿ ನ್ಯೂಟೌನ್ ಶಾಲೆಯಲ್ಲಿ ಮಕ್ಕಳ ಮೇಲೆ ಗುಂಡು ಹಾರಿದ ಮೇಲೆ ಹೊಸ ಕಾನೂನು ಬರಬಹುದು ಅಂತ ಜನ ಅಂಗಡಿಗಳಿಗೆ ಮುಗಿಬಿದ್ದರು. ಎಲ್ಲಕ್ಕಿಂತ ಅಗ್ಗವಾದ .22 ತೋಟಾ ಕೂಡ ಬಹಳ ಕಾಲ ಸಿಗಲಿಲ್ಲ. ಮತ್ತೆ 2020ರಲ್ಲಿ ಕೋವಿಡ್, ಗಲಭೆ, ಚುನಾವಣೆ ಎಲ್ಲ ಒಟ್ಟಿಗೆ ಬಂದವು. ಒಂದು ಸುತ್ತಿಗೆ 20 ಸೆಂಟ್ ಆಸುಪಾಸಿದ್ದ ಪಿಸ್ತೂಲಿನ 9 ಎಂಎಂ ತೋಟಾ 60, 70 ಸೆಂಟಿಗೆ ಏರಿತು. ಎರಡು ಸಲ ಖಾಲಿ ಶೆಲ್ಫ್ ನೋಡಿದವರು ಅಗ್ಗ ಇದ್ದಾಗ ತುಂಬಿಸಿಡುತ್ತಾರೆ. ಅದು ರೇಂಜಿನಲ್ಲಿ ಪ್ರಾಕ್ಟೀಸ್ ನಿಲ್ಲದಿರಲಿ ಅಂತ ಮಾಡುವ ಲೆಕ್ಕಾಚಾರ. ವಾರಾವಾರ ಗುಂಡು ಹಾರಿಸುವವರಿಗೆ ಸಾವಿರ ಸುತ್ತು ಜಾಸ್ತಿ ಏನಲ್ಲ, ಬೇಗ ಖರ್ಚಾಗುತ್ತದೆ.

ಆಪತ್ತಿಗೆ ಇಡುವುದು ಬೇರೆ ಲೆಕ್ಕ. ಇವೆರಡನ್ನೂ ಒಂದೇ ಅಂತ ತಿಳಿದುಕೊಂಡಾಗಲೇ ಗ್ಯಾರೇಜ್ ತುಂಬುವುದು.

ನಮ್ಮ ಕಡೆ ಬಂದ ಆಪತ್ತುಗಳನ್ನೇ ನೋಡಿ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಅಡಿಕ್ಸ್, ಬಾರ್ಕರ್ ಜಲಾಶಯಗಳ ಸುತ್ತಮುತ್ತ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ಜನ ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿದರು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ರಾಜ್ಯದ ವಿದ್ಯುತ್ ಗ್ರಿಡ್ಡೇ ಪೂರ್ತಿ ಕುಸಿಯುವ ಅಂಚಿಗೆ ಬಂತು, ಲಕ್ಷಗಟ್ಟಲೆ ಮನೆಗಳ ಕರೆಂಟ್ ಹೋಯಿತು. ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಜನ ತೀರಿಕೊಂಡರು, ಹೆಚ್ಚಿನವರು ಚಳಿಗೆ. ಕೆಲವರು ಬೆಚ್ಚಗಾಗಲು ಮನೆಯೊಳಗೆ ಜನರೇಟರೋ ಇದ್ದಿಲೋ ಹಚ್ಚಿ ವಿಷಗಾಳಿಗೆ ಸತ್ತರು. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬಂತು. ಹ್ಯೂಸ್ಟನ್ ಭಾಗದಲ್ಲಿ 20 ಲಕ್ಷಕ್ಕೂ ಹೆಚ್ಚು ಕಡೆ ಕರೆಂಟ್ ಹೋಗಿ, ಆ ಸುಡುಬಿಸಿಲಲ್ಲಿ ಎಸಿ ಇಲ್ಲದೆ ವಯಸ್ಸಾದವರು ಒದ್ದಾಡಿದರು. ಈ ಮೂರರಲ್ಲೂ ನಮ್ಮ ಓಣಿಯಲ್ಲಿ ಜನ ಒಬ್ಬರನ್ನೊಬ್ಬರು ಕೇಳಿದ್ದು ನೀರು, ಪೆಟ್ರೋಲ್, ಐಸ್, ಮಗುವಿನ ಹಾಲಿನ ಪುಡಿ, ಬಿಪಿ ಮಾತ್ರೆ, ಇನ್ಸುಲಿನ್ ಇಡಲು ಫ್ರಿಜ್. ತೋಟಾ ಇದೆಯಾ ಅಂತ ಯಾರೂ ಬಾಗಿಲು ತಟ್ಟಲಿಲ್ಲ.

ಕಳ್ಳತನದ ಭಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕತ್ತಲೆ ಓಣಿಯಲ್ಲಿ ಆ ಭಯ ನಿಜ. ಅದಕ್ಕೇ ನಾನೂ ಇಟ್ಟಿದ್ದೇನೆ. ಆದರೆ ಮನೆ ಕಾಯಲು ಒಂದು ಗನ್ನಿಗೆ ನೂರಿನ್ನೂರು ಒಳ್ಳೆಯ ಸುತ್ತು ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದರಾಚೆಗಿನದು ಪ್ರಾಕ್ಟೀಸಿಗೆ. ತೂಕ ಲೆಕ್ಕ ಹಾಕಿ: 9 ಎಂಎಂ ಸಾವಿರ ಸುತ್ತು ಅಂದರೆ 12 ಕಿಲೋ ಆಸುಪಾಸು. ಶಾಟ್‌ಗನ್ನಿನ 250 ತೋಟಾದ ಪೆಟ್ಟಿಗೆಯೂ ಹತ್ತಿರ ಹತ್ತಿರ ಅಷ್ಟೇ. ಮನೆ ಬಿಟ್ಟು ಹೊರಡಿ ಅಂತ ಆದೇಶ ಬಂದಾಗ ಕಾರಿನಲ್ಲಿ ಅಪ್ಪ ಅಮ್ಮ, ಮಕ್ಕಳು, ನೀರಿನ ಕ್ಯಾನು ಕೂರಿಸಿದ ಮೇಲೆ ಅದಕ್ಕೆ ಜಾಗ ಎಲ್ಲಿ?

ಇನ್ನು ಕಾಪಾಡುವುದು. ನನ್ನ ಆಸಕ್ತಿಯ ವಿಷಯ ಇದು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಸರಿಯಾಗಿ ಇಟ್ಟ ಕಾರ್ಖಾನೆ ತೋಟಾ ದಶಕಗಟ್ಟಲೆ ಕೆಡುವುದಿಲ್ಲ. ಒಳಗಿನ ಮದ್ದು ನೈಟ್ರೋಸೆಲ್ಯುಲೋಸ್. ಅದು ತನ್ನಷ್ಟಕ್ಕೆ ತಾನೇ ರಾಸಾಯನಿಕವಾಗಿ ಬಹಳ ನಿಧಾನವಾಗಿ ಒಡೆಯುತ್ತಿರುತ್ತದೆ. ಆ ಒಡೆಯುವಿಕೆಯನ್ನು ತಡೆಹಿಡಿಯಲು ಕಾರ್ಖಾನೆಯಲ್ಲಿ ಒಂದು ರಾಸಾಯನಿಕ ಸೇರಿಸಿರುತ್ತಾರೆ. ಸೆಖೆ ಹೆಚ್ಚಿದಷ್ಟೂ ಆ ರಾಸಾಯನಿಕ ಬೇಗ ಮುಗಿಯುತ್ತದೆ. ನಮ್ಮ ಗ್ಯಾರೇಜುಗಳು ಬೇಸಿಗೆಯಲ್ಲಿ ಹೇಗಿರುತ್ತವೆ ಅಂತ ಗೊತ್ತಲ್ವಾ? ಹಗಲು ಕುಲುಮೆ, ರಾತ್ರಿ ಜೌಗು. ಬಿಸಿ ಇಳಿದಾಗ ಲೋಹದ ಮೇಲೆ ತೇವ ಕೂರುತ್ತದೆ. ಆದ್ದರಿಂದ ಗ್ಯಾರೇಜ್ ಬೇಡ, ಅಟ್ಟ ಬೇಡ, ಕಾರಿನ ಡಿಕ್ಕಿಯಂತೂ ಬೇಡವೇ ಬೇಡ. ಎಸಿ ಇರುವ ಮನೆಯ ಒಳಗೋಡೆಯ ಪಕ್ಕದ ಕ್ಲಾಸೆಟ್ ಎಲ್ಲಕ್ಕಿಂತ ಒಳ್ಳೆಯದು.

ನಮ್ಮೂರು ಕೊಪ್ಪದ ಕಡೆ. ಮಳೆಗಾಲದಲ್ಲಿ ಹಳೇ ಕಾಲದ ಕಾಗದದ ತೋಟಾ ತೇವ ಕುಡಿದು ಉಬ್ಬಿ ಕೋವಿಯ ನಳಿಗೆಗೆ ಇಳಿಯುತ್ತಲೇ ಇರಲಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ಈಗಿನ ಪ್ಲಾಸ್ಟಿಕ್ ತೋಟಾಕ್ಕೆ ಆ ಕಷ್ಟ ಇಲ್ಲ, ಆದರೆ ಹಿತ್ತಾಳೆಯ ಬುಡಕ್ಕೆ ತೇವ ಆಗಲೂ ಶತ್ರು, ಈಗಲೂ ಶತ್ರು.

ನಾನು ಬಳಸುವುದು ಮಿಲಿಟರಿ ಮಾದರಿಯ ಕಬ್ಬಿಣದ ಡಬ್ಬ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವಂಥದ್ದು. ಹಳೆಯದನ್ನು ಕೊಳ್ಳುವಾಗ ಆ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿ. ಬಿರುಕು ಬಿಟ್ಟಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಆ ಡಬ್ಬ ಬೇಡ. ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿ ಒಣಗಿರುವ ದಿನ ಮುಚ್ಚಿ. ಸುಮ್ನೆ ನೋಡಬೇಕು ಅಂತ ಪದೇ ಪದೇ ತೆರೆಯಬೇಡಿ, ತೆರೆದಾಗಲೆಲ್ಲ ಹೊಸ ತೇವ ಒಳಗೆ ಹೋಗುತ್ತದೆ. ತೋಟಾವನ್ನು ಬಿಡಿಯಾಗಿ ಸುರಿಯಬೇಡಿ, ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇರಲಿ. ಯಾವ ಅಳತೆ, ಯಾವ ಬ್ಯಾಚ್ ಅನ್ನುವುದು ಆ ಪೆಟ್ಟಿಗೆಯ ಮೇಲೇ ಇರುತ್ತದೆ. ಕಂಪನಿ ಒಂದು ಬ್ಯಾಚನ್ನು ವಾಪಸ್ ಕರೆದರೆ ಆ ನಂಬರ್ ಬೇಕೇ ಬೇಕು. ಡಬ್ಬದ ಹೊರಗೆ ಟೇಪು ಅಂಟಿಸಿ ಅಳತೆ, ಕೊಂಡ ತಿಂಗಳು ಬರೆಯುತ್ತೇನೆ. ರೇಂಜಿಗೆ ಹೋಗುವಾಗ ಹಳೆಯದು ಮೊದಲು ಹೋಗುತ್ತದೆ, ಹೊಸದು ಹಿಂದೆ ನಿಲ್ಲುತ್ತದೆ.

ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿ ಗೋಡೆಗೆ ನೇತುಹಾಕುವವರಿದ್ದಾರೆ, ನೋಡಲು ಚೆಂದ. ಆದರೆ ಚರ್ಮ ಹದ ಮಾಡಲು ಬಳಸಿದ ವಸ್ತು ಹಿತ್ತಾಳೆಯನ್ನು ತಿನ್ನುತ್ತದೆ. ಹುಳಿ ತಾಗಿದ ಹಿತ್ತಾಳೆ ಪಾತ್ರೆಯಂತೆ ಹಸಿರು ಕಿಲುಬು ಕಟ್ಟುತ್ತದೆ. ಬರೀ ಬಣ್ಣ ಮಾಸಿದ್ದರೆ ಚಿಂತೆ ಇಲ್ಲ. ಕಿಲುಬು ಹಿಡಿದಿದ್ದು, ಗುಳಿ ಬಿದ್ದಿದ್ದು, ಸೀಳಿದ್ದು, ತುದಿಯ ಗುಂಡು ಒಳಗೆ ಕುಸಿದಿದ್ದು ಇವನ್ನು ಬೇರೆ ತೆಗೆದಿಡಿ. ಅವನ್ನು ಹಾರಿಸಬಾರದು. ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸ್ಪ್ರೇ ಮಾಡುವುದೂ ತಪ್ಪು. ಎಣ್ಣೆ ಹಿಂಬದಿಯ ಕೇಪಿನೊಳಗೆ (ಪ್ರೈಮರ್, ಮದ್ದಿಗೆ ಕಿಡಿ ಕೊಡುವ ಭಾಗ) ಇಳಿದರೆ ತೋಟಾ ಸಿಡಿಯದೇ ಹೋಗಬಹುದು.

ಇನ್ನೊಂದು ವಿಷಯ ಕಡಿಮೆ ಜನ ಗಮನಿಸುತ್ತಾರೆ. ರಾತ್ರಿ ಪಿಸ್ತೂಲಿಗೆ ಲೋಡ್ ಮಾಡುವುದು, ಬೆಳಿಗ್ಗೆ ತೆಗೆಯುವುದು, ಮತ್ತೆ ಅದೇ ತೋಟಾವನ್ನು ಹಾಕುವುದು. ಪ್ರತಿ ಸಲವೂ ಅದರ ಮೂತಿ ಬಡಿದು ಗುಂಡು ಸ್ವಲ್ಪ ಸ್ವಲ್ಪವೇ ಒಳಗೆ ಸರಿಯುತ್ತದೆ. ಒಳಗಿನ ಜಾಗ ಕಿರಿದಾದರೆ ಹಾರಿಸಿದಾಗ ಒತ್ತಡ ಮಿತಿ ಮೀರಬಹುದು. ಹೊಸ ತೋಟಾದ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಗಿಡ್ಡ ಆಗಿರುವುದು ಕಣ್ಣಿಗೇ ಕಾಣುತ್ತದೆ.

ಬೇರೆ ಬೇರೆ ಅಳತೆಯ ತೋಟಾ ಇದ್ದರೆ ಒಂದೇ ಡಬ್ಬದಲ್ಲಿ ಬೆರೆಸಲೇಬೇಡಿ. ಶಾಟ್‌ಗನ್ನಿನ 20 ಗೇಜ್ ತೋಟಾ (ಗೇಜ್ ನಂಬರ್ ದೊಡ್ಡದಾದಷ್ಟೂ ತೋಟಾ ಸಪೂರ) 12 ಗೇಜ್ ಕೋವಿಯ ನಳಿಗೆಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಾರಲಿಲ್ಲ, ಖಾಲಿ ಇರಬೇಕು ಅಂದುಕೊಂಡು ಹಿಂದಿನಿಂದ 12 ಗೇಜ್ ತೋಟಾ ಹಾಕಿ ಕುದುರೆ (ಟ್ರಿಗರ್) ಎಳೆದರೆ ನಳಿಗೆ ಮುಖದ ಮುಂದೆಯೇ ಒಡೆಯುತ್ತದೆ. 20 ಗೇಜ್ ತೋಟಾಕ್ಕೆ ಹಳದಿ ಬಣ್ಣ ಇರುವುದೇ ಇದಕ್ಕೆ. ಕರೆಂಟ್ ಇಲ್ಲದ ಕತ್ತಲೆಯಲ್ಲಿ ಹಳದಿ ಯಾವುದು, ಕೆಂಪು ಯಾವುದು ಗೊತ್ತಾಗುವುದಿಲ್ಲ, ಅದಕ್ಕೇ ಡಬ್ಬಗಳೇ ಬೇರೆ ಇರಬೇಕು.

ಮನೆಗೆ ಬೆಂಕಿ ಬಿದ್ದರೆ ಎಲ್ಲ ಸಿಡಿದು ಓಣಿಗೇ ಗುಂಡಿನ ಮಳೆ ಆಗುತ್ತೆ ಅಂತ ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ನಳಿಗೆಯ ಹೊರಗಿರುವ ತೋಟಾ ಬೆಂಕಿಗೆ ಒಡೆಯುತ್ತದೆ, ಹಿತ್ತಾಳೆಯ ಚೂರು ಹಾರುತ್ತದೆ, ಗುಂಡಿಗೆ ವೇಗ ಸಿಗುವುದಿಲ್ಲ. ತೋಟಾ ತಯಾರಕರ ಸಂಘವೇ ಅಗ್ನಿಶಾಮಕದವರ ಜೊತೆ ಸುಟ್ಟು ತೋರಿಸಿದೆ. ಲೋಡ್ ಮಾಡಿಟ್ಟ ಗನ್ ಮಾತ್ರ ಬೆಂಕಿಯಲ್ಲಿ ನಿಜವಾಗಿ ಹಾರಿಸಿದಂತೆಯೇ ಹಾರುತ್ತದೆ. ಖಾಲಿ ತೋಟಾಕ್ಕೆ ಮನೆಯಲ್ಲೇ ಮದ್ದು ತುಂಬುವವರಿಗೆ ಬಿಡಿ ಮದ್ದಿನ ನಿಯಮ ಬೇರೆ. ಎನ್‌ಎಫ್‌ಪಿಎ ಅನ್ನುವ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಸಂಹಿತೆಯ ಪ್ರಕಾರ ಮನೆಯಲ್ಲಿ 20 ಪೌಂಡ್ ತನಕ, ಅದೂ ಮೂಲ ಡಬ್ಬದಲ್ಲೇ. ಅದಕ್ಕಿಂತ ಹೆಚ್ಚಾದರೆ ದಪ್ಪ ಹಲಗೆಯ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000 ಮೀರಬಾರದು.

ಪ್ರವಾಹದ ನೀರಲ್ಲಿ ಮುಳುಗಿದ ತೋಟಾವನ್ನು ಒಣಗಿಸಿ ಬಳಸಬಹುದಾ ಅಂತ ಹಾರ್ವಿ ಆದ ಮೇಲೆ ತುಂಬಾ ಜನ ಕೇಳಿದರು. ಬಳಸಬೇಡಿ ಅಂತಲೇ ತಯಾರಕರ ಸಂಘದ ಸಲಹೆ. ಕೆಲವು ಹಾರುತ್ತವೆ, ಕೆಲವು ಹಾರುವುದಿಲ್ಲ. ಇನ್ನು ಕೆಲವು ಅರ್ಧ ಹಾರಿ ಗುಂಡು ನಳಿಗೆಯ ಮಧ್ಯದಲ್ಲೇ ನಿಲ್ಲುತ್ತದೆ, ಅದೇ ಎಲ್ಲಕ್ಕಿಂತ ಅಪಾಯ. ಕಸದ ಡಬ್ಬಿಗೂ ಹಾಕಬೇಡಿ. ಪೊಲೀಸರ ನಾನ್‌ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ ಎಲ್ಲಿ ಕೊಡಬೇಕು ಅಂತ ಕೇಳಿ.

ಬೀಗದ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಗನ್ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಕೀ ಅಡುಗೆಮನೆಯ ಮೊಳೆಗೆ ನೇತುಹಾಕುವುದಲ್ಲ. ಟೆಕ್ಸಾಸಿನಲ್ಲಿ 17 ವರ್ಷದೊಳಗಿನ ಮಕ್ಕಳ ಕೈಗೆ ಲೋಡ್ ಮಾಡಿದ ಗನ್ ಸಿಗುವ ಹಾಗೆ ಬಿಟ್ಟರೆ ದೊಡ್ಡವರ ಮೇಲೆ ಕೇಸ್ ಆಗುತ್ತದೆ. ಕೇಸ್ ಹಾಳಾಗಲಿ, ಮಕ್ಕಳು ನಾವಂದುಕೊಂಡದ್ದಕ್ಕಿಂತ ಚುರುಕು. ಆಟಕ್ಕೆ ಬರುವ ಪಕ್ಕದ ಮನೆ ಮಕ್ಕಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ತೋಟಾ ಮುಟ್ಟಿದ ಮೇಲೆ ಕೈ ತೊಳೆಯಬೇಕು, ಅದರಲ್ಲಿ ಸೀಸ ಇರುತ್ತದೆ.

ಊರಿಗೆ ಹೋಗುವ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ರೇಂಜಿಗೆ ಒಯ್ಯುವ ಬ್ಯಾಗನ್ನು ಬೆಂಗಳೂರಿಗೆ ಒಯ್ಯಬೇಡಿ. ಲೈನಿಂಗ್ ಒಳಗೆ ಸಿಕ್ಕಿಕೊಂಡ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಸಾಕು. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ಇಟ್ಟುಕೊಳ್ಳುವುದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ಅಮೆರಿಕದ ರಸೀದಿ ಅಲ್ಲಿ ನಡೆಯುವುದಿಲ್ಲ. ಗೊತ್ತಿಲ್ಲದೆ ಬಂದದ್ದು ಅಂತ ಮನವರಿಕೆಯಾಗಿ ಕೋರ್ಟುಗಳು ಇಂಥ ಕೇಸ್ ರದ್ದು ಮಾಡಿದ್ದುಂಟು. ಆದರೆ ಅಷ್ಟರೊಳಗೆ ರಜೆ ಪೂರ್ತಿ ಪೊಲೀಸ್ ಸ್ಟೇಷನ್, ವಕೀಲರು ಅಂತ ಓಡಾಡುವುದರಲ್ಲೇ ಕಳೆಯುತ್ತದೆ. ಪಕ್ಕದ ಮನೆಯವರು ಪ್ರೀತಿಯಿಂದ ತಮ್ಮ ಹಳೇ ಸೂಟ್‌ಕೇಸನ್ನು ಕೊಟ್ಟರೆ, ಅದರ ಎಲ್ಲ ಜಿಪ್ ತೆಗೆದು, ಮೂಲೆಮೂಲೆಗೂ ಕೈಹಾಕಿ ನೋಡಿಯೇ ಬಟ್ಟೆ ತುಂಬಿ.