ನಾಲ್ಕು ತಿಂಗಳ ಬೆಕ್ಕಿನ ಮರಿಯ ಹಲ್ಲು ಬೀಳುತ್ತಿದೆ, ಈಗಲೇ ಬ್ರಷ್ ಮಾಡಬೇಕೇ?

ಮರಿಗೆ ನಾಲ್ಕು ತಿಂಗಳು, ಆಟಿಕೆ ಮೇಲೆ ರಕ್ತದ ಕಲೆ, ನೆಲದಲ್ಲಿ ಅಕ್ಕಿಕಾಳಿನಷ್ಟು ಹಲ್ಲು ಸಿಕ್ಕಿತು ಅಂದಿದ್ದೀರಿ. ಗಾಬರಿ ಬೇಡ, ಅದು ಹಾಲುಹಲ್ಲು. ಬೆಕ್ಕಿಗೆ ಹಾಲುಹಲ್ಲು 26, ಶಾಶ್ವತ ಹಲ್ಲು 30. ಮೂರೂವರೆ ತಿಂಗಳ ಸುಮಾರಿಗೆ ಮುಂದಿನ ಪುಟ್ಟ ಬಾಚಿಹಲ್ಲುಗಳು ಬದಲಾಗತೊಡಗುತ್ತವೆ, ಆಮೇಲೆ ಕೋರೆಹಲ್ಲು, ಹಿಂದಿನ ಹಲ್ಲು. ಆರು-ಏಳು ತಿಂಗಳಿಗೆ ಎಲ್ಲ ಮುಗಿದಿರುತ್ತದೆ. ಬಿದ್ದ ಹಲ್ಲುಗಳಲ್ಲಿ ಹೆಚ್ಚಿನವನ್ನು ಮರಿ ಊಟದ ಜೊತೆ ನುಂಗಿಬಿಡುತ್ತದೆ, ಅದರಿಂದ ತೊಂದರೆಯಿಲ್ಲ.

ಇನ್ನು ಬ್ರಷ್ ವಿಷಯ. ಹೇಗಿದ್ದರೂ ಬೀಳುವ ಹಲ್ಲನ್ನು ಉಜ್ಜಿ ಪಳಪಳ ಮಾಡುವ ಅಗತ್ಯವಿಲ್ಲ. ಈಗ ಆಗಬೇಕಾದದ್ದು ಬಾಯಿ ಮುಟ್ಟಿಸಿಕೊಳ್ಳುವ ಅಭ್ಯಾಸ. ವಸಡು ನೋಯುತ್ತಿರುವಾಗ ಬ್ರಷ್ ತುರುಕಿದರೆ 'ಬ್ರಷ್ ಅಂದರೆ ನೋವು' ಎಂದು ಅದರ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಹಲ್ಲು ಬದಲಾಗುವ ತನಕ ಬೆರಳು ಮಾತ್ರ ಸಾಕು.

ಮರಿ ಆಟವಾಡಿ ದಣಿದು ಕೂತಾಗ ಕೆನ್ನೆ ಸವರುತ್ತಾ ತುಟಿಯನ್ನು ಒಂದು ಕ್ಷಣ ಮೇಲೆತ್ತಿ ಬಿಡಿ, ತಕ್ಷಣ ಅದಕ್ಕಿಷ್ಟವಾದ ತಿಂಡಿಯ ಚೂರು ಕೊಡಿ. ನಾಲ್ಕೈದು ದಿನ ಇಷ್ಟೇ. ಒಪ್ಪಿಕೊಂಡ ಮೇಲೆ ಬೆಕ್ಕಿನ ಪೇಸ್ಟನ್ನು ಬೆರಳ ತುದಿಗೆ ಹಚ್ಚಿ ನೆಕ್ಕಲು ಬಿಡಿ. ಮುಂದಿನ ವಾರ ಅದೇ ಬೆರಳನ್ನು ತುಟಿಯೊಳಗೆ ಜಾರಿಸಿ ಕೋರೆಹಲ್ಲಿನ ಮೇಲೆ ಒಮ್ಮೆ ಎಳೆಯಿರಿ. ತಲೆ ಹಿಂದಕ್ಕೆಳೆದರೆ, ಕಿವಿ ಮಡಚಿದರೆ, ಬಾಲ ಬಡಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ, ಮರುದಿನ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ. ಟವೆಲಿನಲ್ಲಿ ಸುತ್ತಿ ಅದುಮಿ ಹಿಡಿಯುವ ವಿಡಿಯೋಗಳನ್ನು ನಂಬಬೇಡಿ. ಒಂದು ದಿನ ಗೆಲ್ಲಬಹುದು, ಮರುದಿನ ಬೆಕ್ಕು ಮಂಚದಡಿಯಿಂದ ಹೊರಗೇ ಬರುವುದಿಲ್ಲ.

ಹೊಸ ಹಲ್ಲು ಪೂರ್ತಿ ಬಂದು ವಸಡಿನ ಕೆಂಪು ಇಳಿದ ಮೇಲೆ ನಿಜವಾದ ಬ್ರಷ್. ತಲೆ ಚಿಕ್ಕದಾಗಿ ಎಳೆ ಮೆತ್ತಗಿರಬೇಕು. ಬೆಕ್ಕಿನದು ಸಿಗದಿದ್ದರೆ ಹಸುಗೂಸಿನ ಬ್ರಷ್ ಆದೀತು. ಬಟಾಣಿಗಿಂತ ಕಡಿಮೆ ಪೇಸ್ಟ್ ಸಾಕು, ಅದನ್ನು ಎಳೆಗಳ ಒಳಕ್ಕೆ ಒತ್ತಿ. ಮೇಲೆ ಗುಡ್ಡೆ ಹಾಕಿದರೆ ಬೆಕ್ಕು ಒಂದೇ ಸಲಕ್ಕೆ ನೆಕ್ಕಿ ಮುಗಿಸುತ್ತದೆ. ಬಾಯಿ ತೆರೆಸಬೇಡಿ. ಬಾಯಿ ಮುಚ್ಚಿದ್ದಂತೆಯೇ ತುಟಿಯ ಮೂಲೆ ಎತ್ತಿ, ವಸಡು ಹಲ್ಲು ಕೂಡುವ ಗೆರೆಗೆ ಬ್ರಷ್ ಓರೆಯಾಗಿಟ್ಟು ಸಣ್ಣ ಸುತ್ತುಗಳಲ್ಲಿ ಆಡಿಸಿ. ಒಂದು ಬದಿಗೆ 20-30 ಸೆಕೆಂಡು. ಮೊದಲು ಮೇಲಿನ ಹಿಂಭಾಗದ ದೊಡ್ಡ ಹಲ್ಲು: ಜೊಲ್ಲಿನ ನಾಳ ಅದರ ಹತ್ತಿರವೇ ತೆರೆಯುವುದರಿಂದ ಗಾರೆ (ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ) ಅಲ್ಲೇ ಬೇಗ ಕಟ್ಟುತ್ತದೆ. ಆಮೇಲೆ ಕೋರೆಹಲ್ಲು. ಒಳಬದಿಯನ್ನು ಬಿಡಿ, ಅದನ್ನು ನಾಲಿಗೆ ಒಂದಿಷ್ಟು ನೋಡಿಕೊಳ್ಳುತ್ತದೆ.

ದಿನಕ್ಕೊಮ್ಮೆ ಮಾಡಿ. ಹಲ್ಲಿಗಂಟುವ ಮೆತ್ತನೆಯ ಲೋಳೆ ಪದರ ಕೆಲವೇ ದಿನಗಳಲ್ಲಿ ಜೊಲ್ಲಿನ ಖನಿಜ ಹೀರಿ ಗಟ್ಟಿ ಗಾರೆಯಾಗುತ್ತದೆ, ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ. ವಾರಕ್ಕೊಂದು ಸಲ ಉಜ್ಜಿದರೆ ಶ್ರಮವೇ ಹೊರತು ಫಲ ಕಡಿಮೆ.

ಮನುಷ್ಯರ ಪೇಸ್ಟ್ ಖಂಡಿತ ಬೇಡ. ಬೆಕ್ಕಿಗೆ ಉಗುಳಲು ಬರುವುದಿಲ್ಲ, ಅದರಲ್ಲಿನ ಫ್ಲೋರೈಡು, ನೊರೆ ಬರಿಸುವ ಪದಾರ್ಥ ಎಲ್ಲ ಹೊಟ್ಟೆಗೇ ಹೋಗುತ್ತದೆ. ಅಡುಗೆ ಸೋಡಾ, ಉಪ್ಪು ಕೂಡ ಬೇಡ. ಹಲ್ಲುನೋವಿಗೆ ನಾವು ಹಚ್ಚುವ ಲವಂಗದ ಎಣ್ಣೆ ಬೆಕ್ಕಿಗೆ ವಿಷ, ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಕಡಿಮೆ. ಪ್ಯಾರಸಿಟಮಾಲ್ ಅಂತೂ ಒಂದೇ ಮಾತ್ರೆಗೆ ಜೀವ ತೆಗೆಯಬಲ್ಲದು. ಪೇಸ್ಟ್ ಸಿಗಲಿಲ್ಲವೇ, ಬರೀ ನೀರಿನಲ್ಲಿ ಅದ್ದಿದ ಬ್ರಷ್ ಸಾಕು; ಕೆಲಸ ಮಾಡುವುದು ತಿಕ್ಕುವಿಕೆ, ಪೇಸ್ಟ್ ಬರೀ ಆಮಿಷ.

ಈ ತಿಂಗಳುಗಳಲ್ಲಿ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಚಾರ್ಜರ್ ವೈರು, ರಬ್ಬರ್ ಬ್ಯಾಂಡು, ದಾರ ಕೈಗೆ ಸಿಗದಂತೆ ಎತ್ತಿಡಿ. ದಾರ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ ಆಪರೇಷನ್ನೇ ಗತಿ. ಅಂಥ ದಾರ ಕಂಡರೆ ಎಳೆಯಬೇಡಿ, ಹಾಗೇ ವೈದ್ಯರಲ್ಲಿಗೆ ಒಯ್ಯಿರಿ. ಕಚ್ಚಲು ಒದ್ದೆ ಬಟ್ಟೆಯನ್ನು ಫ್ರಿಜ್ಜಿನಲ್ಲಿ ತಣ್ಣಗಾಗಿಸಿ ಕೊಡಬಹುದು, ಆದರೆ ಕಚ್ಚುವಾಗ ಎದುರಿಗೇ ಇರಿ. ಮೂಳೆ, ಕೊಂಬಿನ ತುಂಡು ಬೇಡ: ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಿದ್ದರೆ ಹಲ್ಲು ಮುರಿದೀತು. ಬೆಕ್ಕಿನ ಕೋರೆಹಲ್ಲಿನೊಳಗಿನ ನರ ಹೆಚ್ಚುಕಡಿಮೆ ತುದಿಯವರೆಗೂ ಬರುವುದರಿಂದ, ತುದಿ ಚೂರು ಹಾರಿದರೂ ನರ ತೆರೆದುಕೊಳ್ಳುತ್ತದೆ. ಮುರಿದ ಕಡೆ ಕೆಂಪು ಅಥವಾ ಕಪ್ಪು ಚುಕ್ಕೆ ಕಂಡರೆ ಮುಂದೂಡಬೇಡಿ.

ವಾರಕ್ಕೊಮ್ಮೆ ತುಟಿ ಎತ್ತಿ ಕೋರೆಹಲ್ಲು ನೋಡಿ. ಹಳೆಯದೂ ಹೊಸದೂ ಕೆಲವು ದಿನ ಅಕ್ಕಪಕ್ಕ ಇರುವುದುಂಟು. ಹೊಸದು ಪೂರ್ತಿ ಇಳಿದ ಮೇಲೂ ಹಳೆಯದು ಅಲುಗಾಡದೆ ನಿಂತಿದ್ದರೆ ನಡುವೆ ಕೊಳೆ ಸಿಕ್ಕಿಕೊಳ್ಳುತ್ತದೆ, ಹೊಸ ಹಲ್ಲು ಸೊಟ್ಟಗಾಗುತ್ತದೆ. ನೀವೇ ಕೀಳಲು ಹೋಗಬೇಡಿ. ಬೇರು ಉದ್ದ, ತೆಳು, ಒಳಗೇ ಮುರಿಯುತ್ತದೆ. ಸಂತಾನಹರಣ ಚಿಕಿತ್ಸೆ ಇನ್ನೂ ಆಗಿಲ್ಲದಿದ್ದರೆ ಅದೇ ಅರಿವಳಿಕೆಯಲ್ಲಿ ಇದನ್ನೂ ತೆಗೆಸಬಹುದು.

ಹಲ್ಲು ಬಂದು ಮುಗಿದ ಮೇಲೂ ವಸಡಿನ ಅಂಚು ಕೆಂಪು ದಾರದಂತೆ ಕಂಡರೆ, ಮುಟ್ಟಿದರೆ ರಕ್ತ ಬಂದರೆ, ಬಾಯಿ ನಾತ ಹೊಡೆದರೆ ಅದು ಹಲ್ಲು ಬದಲಾಗುವ ಲಕ್ಷಣವಲ್ಲ. ಎಳೆಯ ಬೆಕ್ಕುಗಳಿಗೇ ಬರುವ ವಸಡಿನ ಉರಿಯೂತ ಒಂದಿದೆ, ಅದನ್ನು ಬೇಗ ಹಿಡಿದರೆ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು. ನಾಲಿಗೆ ಮೇಲೆ ಹುಣ್ಣು, ಜೊಲ್ಲು, ಸೀನು ಒಟ್ಟಿಗೆ ಕಂಡರೆ ಬೆಕ್ಕುಗಳಿಗೆ ತಗಲುವ ಕ್ಯಾಲಿಸಿವೈರಸ್ ಸೋಂಕು ಇರಬಹುದು. ಇಡೀ ಒಂದು ದಿನ ಊಟ ಮುಟ್ಟದಿದ್ದರೆ, ಕಾರಣ ಹಲ್ಲೋ ಬೇರೆಯೋ, ಅವತ್ತೇ ತೋರಿಸಿ.